ಮೋಹಕ ಬಲೆಯ ಸಾಕ್ಷ್ಯ: ಗುಲಾಬಿ ಕಾಯಿಕೊರಕ ಮತ್ತು ಅದನ್ನು ಹೋಲುವ ಪತಂಗಗಳ ಗುರುತಿಸುವಿಕೆ

ಭಾರತೀಯ ಕಾವ್ಯಪರಂಪರೆಯಲ್ಲಿ ಐದು ಇಂದ್ರಿಯಗಳಿಗೆ ಐದು ಪ್ರಾಣಿಗಳನ್ನು ದೃಷ್ಟಾಂತವಾಗಿ ಹೇಳುವ ರೂಢಿಯೊಂದುಂಟು. ಶಬ್ದಕ್ಕೆ ಜಿಂಕೆ, ಸ್ಪರ್ಶಕ್ಕೆ ಆನೆ, ರೂಪಕ್ಕೆ ಪತಂಗ, ರಸಕ್ಕೆ ಮೀನು, ಗಂಧಕ್ಕೆ ದುಂಬಿ ಸಿಕ್ಕಿ ಅಳಿಯುತ್ತವೆಂಬುದು ಅದರ ಸಾರ. ನಮ್ಮ ಮಧ್ಯಕಾಲೀನ ಕವಿಗಳಿಗೂ ಅನುಭಾವಿಗಳಿಗೂ ಈ ಪಟ್ಟಿ ಚಿರಪರಿಚಿತವಾಗಿತ್ತು. ಇದರಲ್ಲಿ ಪತಂಗಕ್ಕೆ ದೊರೆತಿರುವುದು ದೀಪದ ಬೆಳಕಿಗೆ ಮರುಳಾಗುವ ಪಾತ್ರ. ಆದರೆ ಆಧುನಿಕ ಕೀಟಶಾಸ್ತ್ರವು ಪತಂಗವನ್ನು ಗಂಧದ ಸಾಲಿಗೂ ಸೇರಿಸಿದೆ. ಹೆಣ್ಣು ಪತಂಗವು ಅತ್ಯಲ್ಪ ಪ್ರಮಾಣದಲ್ಲಿ ಹೊರಸೂಸುವ ಒಂದು ವಾಸನೆಯನ್ನು ಹಿಡಿದು ಗಂಡು ಪತಂಗವು ಕತ್ತಲೆಯಲ್ಲಿ ದೂರದಿಂದ ಬರುತ್ತದೆ. ಈ ವಾಸನೆಯ ದ್ರವ್ಯವನ್ನು ಪ್ರಯೋಗಾಲಯದಲ್ಲಿ ತಯಾರಿಸಿ, ರಬ್ಬರಿನ ಗುಳಿಗೆಗೆ ಸವರಿ, ಹೊಲದಲ್ಲಿ ತೂಗುಹಾಕುವ ಸಾಧನಕ್ಕೆ ಕನ್ನಡದ ಕೃಷಿ ಸಾಹಿತ್ಯದಲ್ಲಿ ‘ಮೋಹಕ ಬಲೆ’ ಎಂಬ ಸೊಗಸಾದ ಹೆಸರು ನೆಲೆಗೊಂಡಿದೆ.

ಹೊರನಾಡಿನಲ್ಲಿದ್ದು ಕೃಷಿವಿಜ್ಞಾನದ ಬರಹಗಳನ್ನು ಕನ್ನಡಕ್ಕೆ ತರುವವರಿಗೆ, ಪರಿಭಾಷಾಕೋಶಗಳಲ್ಲಿ ಆಸಕ್ತಿಯುಳ್ಳವರಿಗೆ ಈ ಬಲೆಯ ವಿಷಯದಲ್ಲಿ ಒಂದು ಗೊಂದಲ ಎದುರಾಗುವುದುಂಟು. ಒಂದು ಕೀಟದ ಹೆಸರಿನಲ್ಲಿ ಮಾರಾಟವಾಗುವ ಮೋಹಕಕ್ಕೆ ಬಂದು ಬಿದ್ದದ್ದೆಲ್ಲವೂ ಆ ಕೀಟವೇ ಎಂಬ ಗ್ರಹಿಕೆ ಬರಹದಲ್ಲಿ ಅರಿವಿಲ್ಲದೆ ನುಸುಳುತ್ತದೆ. ಇದು ಸರಿಯಲ್ಲ. ಬಲೆಯು ಹೇಳುವುದು ‘ಯಾವುದೋ ಒಂದು ಪತಂಗ ಈ ವಾಸನೆಗೆ ಬಂದಿತು’ ಎಂಬುದನ್ನು ಮಾತ್ರ; ‘ಅದು ಇಂಥದೇ ಪತಂಗ’ ಎಂಬುದನ್ನಲ್ಲ. ಈ ಭೇದವನ್ನು ಹತ್ತಿಯ ಗುಲಾಬಿ ಕಾಯಿಕೊರಕದ ಉದಾಹರಣೆಯಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೈದರಾಬಾದ್ ಮತ್ತು ಪುಣೆಯ ಸಂಶೋಧಕರಿಗೆ ತೆಲಂಗಾಣ, ವಿದರ್ಭ ಹಾಗೂ ಮರಾಠವಾಡದ ಹತ್ತಿಯ ಹೊಲಗಳಿಂದಲೂ, ಕರ್ನಾಟಕದವರಿಗೆ ರಾಯಚೂರು, ಧಾರವಾಡ ಸೀಮೆಗಳಿಂದಲೂ ಪರಿಚಿತವಾದ ಕೀಟವಿದು.

೧. ಹೆಸರು ಮತ್ತು ವಸ್ತು

ಮೊದಲು ಹೆಸರಿನ ತೊಡಕನ್ನು ನೋಡಬೇಕು. ‘ಕಾಯಿಕೊರಕ’ ಎಂಬುದು ಮಾಡುವ ಕೆಲಸದಿಂದ ಬಂದ ಹೆಸರು. ಹತ್ತಿಯಲ್ಲಿಯೇ ಅಮೆರಿಕನ್ ಕಾಯಿಕೊರಕ, ಚುಕ್ಕೆ ಕಾಯಿಕೊರಕ, ಗುಲಾಬಿ ಕಾಯಿಕೊರಕ ಎಂದು ಹಲವು ಬಗೆಗಳುಂಟು. ಕಾಯಿಯನ್ನು ಕೊರೆಯುವುದು ಮರಿಹುಳು. ಗುಲಾಬಿ ಬಣ್ಣವೂ ಬೆಳೆದ ಮರಿಹುಳುವಿನದೇ. ಮರಾಠಿಯ ‘ಗುಲಾಬಿ ಬೋಂಡ್ ಅಳಿ’ ಮತ್ತು ತೆಲುಗಿನ ‘ಗುಲಾಬಿ ರಂಗು ಪುರುಗು’ ಎಂಬ ಹೆಸರುಗಳೂ ಹುಳುವನ್ನೇ ಸೂಚಿಸುತ್ತವೆ. ಆದರೆ ಮೋಹಕ ಬಲೆಗೆ ಬೀಳುವುದು ಹುಳುವಲ್ಲ, ಪ್ರೌಢಾವಸ್ಥೆಯ ಪತಂಗ. ಅದರ ಮೈಯಲ್ಲಿ ಗುಲಾಬಿ ಬಣ್ಣದ ಸುಳಿವೇ ಇಲ್ಲ. ಅದು ಬೂದುಗಂದು ಬಣ್ಣದ, ಒಂದು ಸೆಂಟಿಮೀಟರಿಗೂ ಕಡಿಮೆ ಉದ್ದದ ಸಾಮಾನ್ಯ ಜೀವಿ. ಆದ್ದರಿಂದ ದೇಶಭಾಷೆಯ ಹೆಸರನ್ನು ಮಾತ್ರ ಬಲ್ಲವನಿಗೆ ಬಲೆಯೊಳಗಿನ ಪತಂಗವನ್ನು ಗುರುತಿಸಲು ಆ ಹೆಸರಿನಿಂದ ಯಾವ ನೆರವೂ ಸಿಗದು.

ಶಾಸ್ತ್ರೀಯ ನಾಮದ ಚರಿತ್ರೆಯೂ ಸ್ವಾರಸ್ಯಕರವಾಗಿದೆ. ೧೮೪೦ರ ದಶಕದ ಆರಂಭದಲ್ಲಿ ಗುಜರಾತಿನ ಭರೂಚದ ಹತ್ತಿ ತೋಟಗಳಿಂದ ಬಂದ ಮಾದರಿಗಳನ್ನು ಪರಿಶೀಲಿಸಿ, ಡಬ್ಲ್ಯು. ಡಬ್ಲ್ಯು. ಸಾಂಡರ್ಸ್ ಎಂಬ ಆಂಗ್ಲ ವಿದ್ವಾಂಸ ಇದನ್ನು ‘ಡಿಪ್ರೆಸೇರಿಯಾ ಗಾಸಿಪಿಯೆಲ್ಲಾ’ ಎಂದು ಕರೆದನು. ಹತ್ತಿಯ ಕುಲನಾಮವಾದ ‘ಗಾಸಿಪಿಯಂ’ ಈ ಹೆಸರಿನ ಮೂಲ. ಮುಂದೆ ಇದು ಗೆಲೆಕಿಯಾ, ಪ್ಲಾಟಿಯೆಡ್ರಾ ಎಂಬ ಕುಲಗಳಲ್ಲಿ ಸುತ್ತಾಡಿ, ೧೯೧೭ರಲ್ಲಿ ಆಗಸ್ಟ್ ಬಸ್ಕ್ ರಚಿಸಿದ ‘ಪೆಕ್ಟಿನೋಫೋರಾ’ ಕುಲದಲ್ಲಿ ನೆಲೆನಿಂತಿತು. ‘ಬಾಚಣಿಗೆಯನ್ನು ಧರಿಸಿದ್ದು’ ಎಂಬುದು ಆ ಪದದ ಅರ್ಥ. ಕುಡಿಮೀಸೆಯ ಬುಡದ ಗಿಣ್ಣಿನಲ್ಲಿ ಐದಾರು ನೀಳವಾದ ಬಿರುಗೂದಲುಗಳು ಬಾಚಣಿಗೆಯ ಹಲ್ಲುಗಳಂತೆ ನಿಂತಿರುತ್ತವೆ. ಇಲ್ಲಿ ಹೆಸರೇ ಒಂದು ಗುರುತನ್ನು ಹೇಳುತ್ತಿದೆ ಎಂಬುದನ್ನು ಗಮನಿಸಬೇಕು.

೨. ವಾಸನೆಯ ರಚನೆ

ಪತಂಗಗಳ ಲೈಂಗಿಕ ಗಂಧದ್ರವ್ಯವೊಂದರ ರಾಸಾಯನಿಕ ಸ್ವರೂಪ ಮೊದಲ ಬಾರಿಗೆ ಬೆಳಕಿಗೆ ಬಂದದ್ದು ೧೯೫೯ರಲ್ಲಿ. ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್ ಮತ್ತು ಸಂಗಡಿಗರು ಸುಮಾರು ಇಪ್ಪತ್ತು ವರ್ಷ ಶ್ರಮಿಸಿ, ಐದು ಲಕ್ಷದಷ್ಟು ಹೆಣ್ಣು ಪತಂಗಗಳಿಂದ ಕೆಲವೇ ಮಿಲಿಗ್ರಾಂ ದ್ರವ್ಯವನ್ನು ಸಂಗ್ರಹಿಸಿದರು. ಆ ಪತಂಗ ಕರ್ನಾಟಕದ ರೇಷ್ಮೆ ಬೆಳೆಗಾರರೂ ಬಲ್ಲ ಹಿಪ್ಪುನೇರಳೆಯ ರೇಷ್ಮೆ ಪತಂಗವೇ. ‘ಫೆರೊಮೋನ್’ ಎಂಬ ಪದವೂ ಅದೇ ವರ್ಷ ಗ್ರೀಕ್ ಧಾತುಗಳಿಂದ ನಿರ್ಮಿತವಾಯಿತು.

ಗುಲಾಬಿ ಕಾಯಿಕೊರಕದ ಗಂಧದ್ರವ್ಯವನ್ನು ಕಂಡುಹಿಡಿಯುವ ದಾರಿ ನೇರವಾಗಿರಲಿಲ್ಲ. ೧೯೬೬ರಲ್ಲಿ ‘ಪ್ರೊಪೈಲ್ಯೂರ್’ ಎಂಬ ದ್ರವ್ಯವೇ ಅದೆಂದು ಪ್ರಕಟವಾಯಿತು. ಆದರೆ ತಯಾರಿಸಿ ನೋಡಿದಾಗ ಅದು ಹೊಲದಲ್ಲಿ ನಿರೀಕ್ಷಿತ ಫಲ ಕೊಡಲಿಲ್ಲ. ೧೯೬೯ರಲ್ಲಿ ಅನೇಕ ಕೃತಕ ದ್ರವ್ಯಗಳನ್ನು ಪರೀಕ್ಷಿಸುತ್ತ ಹೋದಾಗ ‘ಹೆಕ್ಸಾಲ್ಯೂರ್’ ದೊರೆಯಿತು. ಅದು ಸೆಳೆಯುತ್ತಿತ್ತು, ಆದರೆ ಹೆಣ್ಣು ಪತಂಗದ ಸಹಜ ದ್ರವ್ಯವಾಗಿರಲಿಲ್ಲ. ನಿಜವಾದ ದ್ರವ್ಯ ೧೯೭೩ರಲ್ಲಿ ‘ಗಾಸಿಪ್ಲೂರ್’ ಎಂಬ ಹೆಸರಿನಿಂದ ಪ್ರಕಟವಾಯಿತು. ಅದು ಒಂದು ದ್ರವ್ಯವಲ್ಲ, ಎರಡರ ಮಿಶ್ರಣ. ಎರಡರಲ್ಲಿಯೂ ಹದಿನಾರು ಕಾರ್ಬನ್ ಪರಮಾಣುಗಳ ಸರಪಳಿಯಿದ್ದು, ಏಳನೆಯ ಮತ್ತು ಹನ್ನೊಂದನೆಯ ಸ್ಥಾನಗಳಲ್ಲಿ ದ್ವಿಬಂಧಗಳಿವೆ. ಏಳನೆಯ ಸ್ಥಾನದ ಬಂಧ ಎರಡರಲ್ಲಿಯೂ ಒಂದೇ ದಿಕ್ಕಿಗೆ ಬಾಗಿದೆ. ಹನ್ನೊಂದನೆಯದು ಒಂದರಲ್ಲಿ ಅದೇ ದಿಕ್ಕಿಗೂ, ಇನ್ನೊಂದರಲ್ಲಿ ವಿರುದ್ಧ ದಿಕ್ಕಿಗೂ ತಿರುಗಿದೆ. ರಸಾಯನಶಾಸ್ತ್ರದಲ್ಲಿ ಇಂಥ ಜೋಡಿಗೆ ಸಮಾಂಗಿಗಳೆಂದು ಹೆಸರು. ಇವೆರಡೂ ಹೆಚ್ಚುಕಡಿಮೆ ಸಮಪ್ರಮಾಣದಲ್ಲಿ ಬೆರೆತಾಗ ಗುಲಾಬಿ ಕಾಯಿಕೊರಕದ ಗಂಡು ಬಲವಾಗಿ ಆಕರ್ಷಿತವಾಗುತ್ತದೆ.

ಮರುವರ್ಷ, ಅಂದರೆ ೧೯೭೪ರಲ್ಲಿ, ಬೇರೊಂದು ಸಣ್ಣ ಪತಂಗದ ಗಂಧದ್ರವ್ಯ ತಿಳಿದುಬಂದಿತು. ಅದು ಧಾನ್ಯವನ್ನು ತಿನ್ನುವ ‘ಸಿಟೋಟ್ರೋಗಾ ಸಿರಿಯಲೆಲ್ಲಾ’. ಫ್ರಾನ್ಸಿನ ಅಂಗೂಮ್ವಾ ಪ್ರಾಂತದಲ್ಲಿ ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ಇದು ಗೋಧಿಯನ್ನು ಹಾಳುಗೆಡವಿತು. ಆಗ ಡ್ಯುಹಾಮೆಲ್ ದ್ಯು ಮಾನ್ಸೊ ಮತ್ತು ತಿಯೆ ಎಂಬ ವಿದ್ವಾಂಸರು ಅದನ್ನು ಪರಿಶೀಲಿಸಿ ೧೭೬೨ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಅಂದಿನಿಂದ ಅಂಗೂಮ್ವಾ ಧಾನ್ಯಪತಂಗವೆಂಬ ಹೆಸರು ಉಳಿಯಿತು. ಭತ್ತ, ಮೆಕ್ಕೆಜೋಳ, ಜೋಳಗಳ ಕಾಳಿನೊಳಗೆ ಬೆಳೆಯುವ ಈ ಕೀಟ ಕಣಜದಲ್ಲಿಯೂ ಇರುತ್ತದೆ, ಹೊಲದ ತೆನೆಗೂ ಹಾರಿಬರುತ್ತದೆ. ಇದರ ಹೆಣ್ಣು ಸೂಸುವ ದ್ರವ್ಯವು ಗಾಸಿಪ್ಲೂರಿನ ಎರಡು ಸಮಾಂಗಿಗಳಲ್ಲಿ ಒಂದು, ಹನ್ನೊಂದನೆಯ ಬಂಧ ವಿರುದ್ಧ ದಿಕ್ಕಿಗೆ ತಿರುಗಿರುವುದು.

ಇದರ ಫಲಿತಾರ್ಥ ಸ್ಪಷ್ಟ. ಹತ್ತಿಯ ಹೊಲದಲ್ಲಿ ಕಟ್ಟಿದ ಗುಳಿಗೆಯ ಅರ್ಧ ಭಾಗ ಧಾನ್ಯಪತಂಗದ ಭಾಷೆಯಲ್ಲಿಯೇ ಮಾತನಾಡುತ್ತಿದೆ. ಪಕ್ಕದಲ್ಲಿ ಜೋಳದ ಅಥವಾ ಮೆಕ್ಕೆಜೋಳದ ಹೊಲವಿದ್ದರೆ, ಸಮೀಪದಲ್ಲಿ ಧಾನ್ಯದ ಸಂಗ್ರಹವಿದ್ದರೆ, ಆ ಪತಂಗದ ಗಂಡುಗಳೂ ಬಲೆಗೆ ಬರುವ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಇದು ತಯಾರಕನ ದೋಷವಲ್ಲ, ಪ್ರಕೃತಿಯ ಮಿತವ್ಯಯ. ಪತಂಗಗಳ ಗಂಧದ್ರವ್ಯಗಳು ಬಹುಮಟ್ಟಿಗೆ ಕೆಲವೇ ಬಗೆಯ ಸರಪಳಿಗಳಿಂದ ರಚಿತವಾಗಿವೆ. ಬಂಧದ ಸ್ಥಾನ, ದಿಕ್ಕು ಮತ್ತು ಮಿಶ್ರಣದ ಪ್ರಮಾಣ ಇವುಗಳಿಂದಲೇ ಒಂದೊಂದು ಪ್ರಭೇದ ತನ್ನ ಕರೆಯನ್ನು ಪ್ರತ್ಯೇಕಿಸಿಕೊಳ್ಳುತ್ತದೆ. ಸಂಬಂಧಿಗಳ ನಡುವೆ ಈ ಅಂತರ ಕಿರಿದಾಗಿರುವುದು ಸಹಜ. ಇದಲ್ಲದೆ, ಬೇರೆಬೇರೆ ಕೀಟಗಳ ಗುಳಿಗೆಗಳನ್ನು ಒಂದೇ ಕೈಯಿಂದ ಮುಟ್ಟಿದರೂ ವಾಸನೆಗಳು ಬೆರೆತು ಬಲೆಗೆ ಅನ್ಯ ಪತಂಗಗಳು ಬರಬಹುದು. ವಾಸನೆಯ ಸಂಬಂಧವೇ ಇಲ್ಲದೆ ದಾರಿತಪ್ಪಿ ಒಳಹೊಕ್ಕವೂ ಇರುತ್ತವೆ.

೩. ಕಣ್ಣಿಗೆ ಕಾಣುವ ಭೇದಗಳು

ಮೇಲೆ ಹೇಳಿದ ಎರಡೂ ಪತಂಗಗಳು ‘ಗೆಲೆಕಿಡೀ’ ಎಂಬ ಕುಟುಂಬಕ್ಕೆ ಸೇರಿದವು. ಜಗತ್ತಿನಲ್ಲಿ ಈ ಕುಟುಂಬದ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಪ್ರಭೇದಗಳು ವರ್ಣಿತವಾಗಿವೆ. ಬಹುಪಾಲು ಪ್ರಭೇದಗಳು ಸಣ್ಣವು, ಮಂದ ಬಣ್ಣದವು. ತಲೆಯ ಮುಂಭಾಗದಿಂದ ಕೊಂಬಿನಂತೆ ಮೇಲಕ್ಕೆ ಬಾಗಿದ ಒಂದು ಜೊತೆ ಸ್ಪರ್ಶಾಂಗಗಳು ಹಾಗೂ ಅಂಚಿನಲ್ಲಿ ಉದ್ದ ಕೂದಲಿನ ಜಾಲರಿಯುಳ್ಳ ಹಿಂರೆಕ್ಕೆ ಈ ಕುಟುಂಬದ ಸಾಮಾನ್ಯ ಚಹರೆ. ಇವುಗಳಿಂದ ಕುಟುಂಬವನ್ನು ಹೇಳಬಹುದೇ ಹೊರತು ಪ್ರಭೇದವನ್ನಲ್ಲ.

ಗುಲಾಬಿ ಕಾಯಿಕೊರಕದ ಪತಂಗ ರೆಕ್ಕೆ ಬಿಚ್ಚಿದಾಗ ಸುಮಾರು ೧೫ರಿಂದ ೨೦ ಮಿಲಿಮೀಟರ್ ಅಗಲವಿರುತ್ತದೆ. ಮುಂರೆಕ್ಕೆ ಬೂದುಗಂದು, ಅದರ ಮೇಲೆ ಅಂಚು ಸ್ಪಷ್ಟವಲ್ಲದ ಕಪ್ಪು ಮಚ್ಚೆಗಳೂ ಪಟ್ಟೆಗಳೂ ಇರುತ್ತವೆ. ಹಿಂರೆಕ್ಕೆ ಮುಂರೆಕ್ಕೆಗಿಂತ ಅಗಲ, ಬೆಳ್ಳಿಬೂದು ಬಣ್ಣದ್ದು, ಗುರುತುಗಳಿಲ್ಲದ್ದು. ಮೇಲಕ್ಕೆ ಬಾಗಿದ ಸ್ಪರ್ಶಾಂಗದ ತುದಿಯ ಗಿಣ್ಣಿನಲ್ಲಿ ಎರಡು ಕಪ್ಪು ಬಳೆಗಳಿರುತ್ತವೆ. ಕುಡಿಮೀಸೆಯ ಬುಡದಲ್ಲಿ ಮೊದಲೇ ಹೇಳಿದ ಬಾಚಣಿಗೆಯಿರುತ್ತದೆ.

ಧಾನ್ಯಪತಂಗ ಇದಕ್ಕಿಂತ ಸಾಮಾನ್ಯವಾಗಿ ಚಿಕ್ಕದು. ರೆಕ್ಕೆಯ ಹರವು ಸುಮಾರು ೧೦ರಿಂದ ೧೬ ಮಿಲಿಮೀಟರ್. ಬಣ್ಣ ಒಣಹುಲ್ಲಿನ ಹಳದಿ, ಸ್ವಲ್ಪ ಹೊಳಪುಳ್ಳದ್ದು. ಮುಂರೆಕ್ಕೆಯಲ್ಲಿ ಒಂದೆರಡು ಸಣ್ಣ ಚುಕ್ಕೆಗಳಿರಬಹುದು, ಪಟ್ಟೆಗಳಿಲ್ಲ. ಅತ್ಯಂತ ನಂಬತಕ್ಕ ಗುರುತು ಹಿಂರೆಕ್ಕೆಯದು. ಅದು ತುದಿಯ ಹತ್ತಿರ ಥಟ್ಟನೆ ಕಿರಿದಾಗಿ ಬೆರಳಿನಂತೆ ಮುಂಚಾಚಿರುತ್ತದೆ. ಅಂಚಿನ ಜಾಲರಿ ರೆಕ್ಕೆಯ ಅಗಲಕ್ಕಿಂತಲೂ ಉದ್ದವಾಗಿರುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಹೊಸ ಮಾದರಿಗಳೆರಡನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಂದೇಹಕ್ಕೆ ಎಡೆಯಿರದು.

ಇನ್ನೊಂದು ಪರೀಕ್ಷೆಯೂ ಉಪಯುಕ್ತವಾಗಿದೆ. ಹಾರುವಾಗ ಎರಡು ರೆಕ್ಕೆಗಳನ್ನು ಕೂಡಿಸಿ ಹಿಡಿಯಲು ಹಿಂರೆಕ್ಕೆಯ ಬುಡದಲ್ಲಿ ಬಿರುಗೂದಲಿನ ಕೊಕ್ಕೆಯಿರುತ್ತದೆ. ಬಹುತೇಕ ಪತಂಗಗಳಲ್ಲಿ ಗಂಡಿಗೆ ಇದು ಒಂದೇ ದಪ್ಪ ಕೂದಲು. ಹೆಣ್ಣಿಗೆ ಒಂದಕ್ಕಿಂತ ಹೆಚ್ಚು. ಹೆಣ್ಣಿನ ವಾಸನೆಗೆ ಬರುವುದು ಗಂಡು. ಬಲೆಯಲ್ಲಿ ಹೆಣ್ಣು ಸಿಕ್ಕಿದರೆ ಅದು ಆಕಸ್ಮಿಕವೆಂದು ತಿಳಿದು, ಮೋಹಕದ ಲೆಕ್ಕದಿಂದ ಬೇರೆಯಿಡಬೇಕು.

೪. ಕಣ್ಣು ಸಾಲದೆಡೆ

ಆದರೆ ಬಲೆಯಿಂದ ದೊರೆಯುವ ಮಾದರಿ ಯಾವಾಗಲೂ ಹೊಸದಾಗಿರುವುದಿಲ್ಲ. ಪತಂಗದ ಬಣ್ಣ ಮತ್ತು ಗುರುತುಗಳೆಲ್ಲ ರೆಕ್ಕೆಯ ಮೇಲಿನ ಹುರುಪೆಗಳಲ್ಲಿವೆ. ಅಂಟಿನ ಹಾಳೆಯಲ್ಲಿ ಒದ್ದಾಡಿದಾಗ, ಪ್ಲಾಸ್ಟಿಕ್ ಚೀಲದಲ್ಲಿ ಒಂದಕ್ಕೊಂದು ಉಜ್ಜಿದಾಗ ಅವು ಉದುರುತ್ತವೆ. ಹಸ್ತಪ್ರತಿಯ ಮಸಿ ಅಳಿದಂತೆ, ಉಳಿಯುವುದು ಗರಿ ಮಾತ್ರ.

ಅಂಥಲ್ಲಿ ಜನನಾಂಗದ ಪರೀಕ್ಷೆ ಅನಿವಾರ್ಯ. ಪತಂಗದ ಹೊಟ್ಟೆಯ ಭಾಗವನ್ನು ಬೇರ್ಪಡಿಸಿ, ಶೇಕಡಾ ಹತ್ತರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಮೃದು ಭಾಗಗಳನ್ನು ಕರಗಿಸಿ, ತೊಳೆದು, ಗಡುಸಾದ ಭಾಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇಕ್ಕಳದಂಥ ಜೋಡಿ ಅಂಗಗಳ ಆಕಾರ, ಮೇಲಿನ ಕೊಕ್ಕೆಯ ರಚನೆ, ನಡುವಿನ ನಾಳದ ಬಾಗು ಇವು ಪ್ರಭೇದದಿಂದ ಪ್ರಭೇದಕ್ಕೆ ಭಿನ್ನ. ಹುರುಪೆ ಉದುರಿದರೂ ಇವು ಉಳಿಯುತ್ತವೆ. ಇದರ ಮಹತ್ತ್ವಕ್ಕೆ ಆಸ್ಟ್ರೇಲಿಯಾದ ನಿದರ್ಶನವೊಂದಿದೆ. ಅಲ್ಲಿಯ ಕ್ವೀನ್ಸ್‌ಲೆಂಡಿನ ಹತ್ತಿಯಲ್ಲಿ ಗುಲಾಬಿ ಕಾಯಿಕೊರಕವನ್ನು ತುಂಬ ಹೋಲುವ ಕೀಟವೊಂದಿದೆ. ಹೋಲ್ಡವೇ ಎಂಬ ಕೀಟಶಾಸ್ತ್ರಜ್ಞ ೧೯೨೬ರಲ್ಲಿ ಅದನ್ನು ಬೇರೊಂದು ಪ್ರಭೇದವೆಂದು ವರ್ಣಿಸಿದನು. ಇಂದು ಅದು ‘ಪೆಕ್ಟಿನೋಫೋರಾ ಸ್ಕುಟಿಜೆರಾ’. ಮುಂದೆ ೧೯೫೮ರಲ್ಲಿ ಕಾಮನ್ ಎಂಬ ವಿದ್ವಾಂಸ ಈ ಗುಂಪನ್ನು ಪರಿಷ್ಕರಿಸಿದನು. ಇಂಥ ಸೋದರ ಪ್ರಭೇದಗಳನ್ನು ಬಣ್ಣವನ್ನು ನಂಬಿ ಬೇರ್ಪಡಿಸಲಾಗದು.

ಈ ಪರೀಕ್ಷೆಗೆ ಮನ್ನಣೆ ಸುಲಭವಾಗಿ ದೊರೆಯಲಿಲ್ಲ ಎಂಬುದೂ ಜ್ಞಾನದ ಚರಿತ್ರೆಯಲ್ಲಿ ಗಮನಾರ್ಹ. ಇಂಗ್ಲೆಂಡಿನ ಎಡ್ವರ್ಡ್ ಮೇರಿಕ್ ವೃತ್ತಿಯಿಂದ ಶಾಲೆಯೊಂದರ ಪ್ರಾಚೀನ ಭಾಷೆಗಳ ಅಧ್ಯಾಪಕ. ೧೯೩೮ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆತ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಸಣ್ಣ ಪತಂಗಗಳಿಗೆ ಹೆಸರಿಟ್ಟಿದ್ದನು. ಕೊಡಗು ಮತ್ತು ಕಾರವಾರಗಳಿಂದ ಹೋದ ಮಾದರಿಗಳೂ ಅವುಗಳಲ್ಲಿ ಸೇರಿವೆ. ಆದರೆ ಆತ ಜನನಾಂಗದ ಲಕ್ಷಣಗಳನ್ನು ಒಪ್ಪದೆ ಕೈಗನ್ನಡಿಯನ್ನೇ ನೆಚ್ಚಿದನು. ಮುಂದೆ ಜೆ. ಎಫ್. ಗೇಟ್ಸ್ ಕ್ಲಾರ್ಕ್ ಎಂಬವರು ಮೇರಿಕನ ಮೂಲ ಮಾದರಿಗಳನ್ನು ಪರಿಶೀಲಿಸಿ, ಜನನಾಂಗಗಳ ಚಿತ್ರಸಹಿತವಾಗಿ ೧೯೫೫ರಿಂದ ೧೯೭೦ರವರೆಗೆ ಎಂಟು ಸಂಪುಟಗಳನ್ನು ಹೊರತಂದರು. ಮೂಲ ಮಾದರಿಗಳು ಉಳಿದಿದ್ದುದರಿಂದಲೇ ಈ ಕಾರ್ಯ ಸಾಧ್ಯವಾಯಿತು.

೨೦೦೩ರ ಬಳಿಕ ಮತ್ತೊಂದು ಸಾಧನ ಬಳಕೆಗೆ ಬಂದಿದೆ. ಕೆನಡಾದ ಪಾಲ್ ಹೆಬರ್ಟ್ ಪ್ರತಿಪಾದಿಸಿದ ಡಿಎನ್ಎ ಬಾರ್‌ಕೋಡ್ ವಿಧಾನದಲ್ಲಿ, ಜೀವಕೋಶದ ಮೈಟೋಕಾಂಡ್ರಿಯದ ಒಂದು ಜೀನಿನ ಸುಮಾರು ೬೫೦ ಅಕ್ಷರಗಳ ಭಾಗವನ್ನು ಓದಿ, ಸಂಗ್ರಹದಲ್ಲಿರುವ ಪಾಠಗಳೊಡನೆ ಹೋಲಿಸುತ್ತಾರೆ. ಒಂದು ಕಾಲು ಸಿಕ್ಕರೂ ಸಾಕು. ಆದರೆ ಹೋಲಿಕೆಗೆ ಇಟ್ಟುಕೊಂಡ ಪಾಠದ ಮೇಲೆ ಬರೆದ ಹೆಸರು ಸರಿಯಾಗಿರಬೇಕು. ಆ ಹೆಸರನ್ನು ಕೊಟ್ಟವರು ದೇಹದ ರಚನೆಯನ್ನು ನೋಡಿಯೇ ಕೊಟ್ಟಿರಬೇಕು. ಹೊಸ ವಿಧಾನವು ಹಳೆಯದನ್ನು ಆಶ್ರಯಿಸಿದೆಯೇ ಹೊರತು ಬದಿಗೆ ಸರಿಸಿಲ್ಲ.

೫. ರೂಪವೂ ಪ್ರಭೇದವೂ ಒಂದೇ ಆದಾಗ

ಪ್ರಭೇದ ಸರಿಯಾಗಿ ತಿಳಿದ ಮೇಲೂ ಪ್ರಶ್ನೆ ಮುಗಿಯದಿರಬಹುದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಗುಲಾಬಿ ಕಾಯಿಕೊರಕವನ್ನು ನಿರ್ಮೂಲಗೊಳಿಸುವ ಯೋಜನೆಯ ಅಂಗವಾಗಿ ವಿಕಿರಣದಿಂದ ಬಂಜೆಗೊಳಿಸಿದ ಪತಂಗಗಳನ್ನು ಹೊಲಗಳಲ್ಲಿ ಅಪಾರ ಸಂಖ್ಯೆಯಲ್ಲಿ ಬಿಡಲಾಯಿತು. ಅವುಗಳ ಗಂಡುಗಳೂ ಅದೇ ವಾಸನೆಗೆ ಅದೇ ಬಲೆಗೆ ಬರುತ್ತಿದ್ದವು. ಯಾವ ಜನನಾಂಗ ಪರೀಕ್ಷೆಯೂ ಇವುಗಳನ್ನು ಹೊಲದ ಪತಂಗಗಳಿಂದ ಬೇರ್ಪಡಿಸಲಾರದು. ಇದಕ್ಕಾಗಿ ಸಾಕಣೆಯಲ್ಲಿ ಮರಿಹುಳುಗಳ ಆಹಾರಕ್ಕೆ ಕೆಂಪು ಬಣ್ಣವನ್ನು ಬೆರೆಸಲಾಗುತ್ತಿತ್ತು. ಅದು ಪತಂಗದ ದೇಹದಲ್ಲಿ ಉಳಿಯುತ್ತಿತ್ತು. ಬಲೆಯ ಪತಂಗವನ್ನು ಅರೆದು ನೋಡಿ, ಕೆಂಪು ಕಂಡರೆ ಬಿಟ್ಟದ್ದು, ಕಾಣದಿದ್ದರೆ ಹೊಲದ್ದು ಎಂದು ನಿರ್ಣಯಿಸುತ್ತಿದ್ದರು. ಬಂಜೆ ಪತಂಗ, ಗಂಧದ್ರವ್ಯ ಮತ್ತು ಬಿಟಿ ಹತ್ತಿಗಳ ಸಂಯುಕ್ತ ಪ್ರಯೋಗದಿಂದ ೨೦೧೮ರಲ್ಲಿ ಆ ದೇಶದ ಹತ್ತಿ ಪ್ರದೇಶಗಳು ಈ ಕೀಟದಿಂದ ಮುಕ್ತವೆಂದು ಘೋಷಿತವಾದವು. ಗುರುತಿಸುವಿಕೆ ಸಂದಿಗ್ಧವಾಗಿದ್ದರೆ ಇಂಥ ಘೋಷಣೆಗೆ ಬೆಲೆಯಿರುತ್ತಿರಲಿಲ್ಲ.

೬. ಎಂಟರ ಲೆಕ್ಕ

ಭಾರತದಲ್ಲಿ ಪರಿಸ್ಥಿತಿ ಬೇರೆಯಾಗಿದೆ. ೨೦೦೨ರಲ್ಲಿ ಬಿಟಿ ಹತ್ತಿಗೂ, ೨೦೦೬ರಲ್ಲಿ ಎರಡು ವಿಷಗಳುಳ್ಳ ಅದರ ಮುಂದಿನ ರೂಪಕ್ಕೂ ಅನುಮತಿ ದೊರೆಯಿತು. ಗುಲಾಬಿ ಕಾಯಿಕೊರಕವು ಮೊದಲನೆಯದಕ್ಕೆ ನಿರೋಧ ಬೆಳೆಸಿಕೊಂಡದ್ದು ೨೦೧೦ರಲ್ಲಿ ಗುಜರಾತಿನಿಂದ ವರದಿಯಾಯಿತು. ಅದೇ ದಶಕದ ಮಧ್ಯಭಾಗದಲ್ಲಿ ಎರಡನೆಯದೂ ಸೋತಿತು. ಹೀಗಾಗಿ ಮೋಹಕ ಬಲೆಯ ನಿಗಾ ಮತ್ತೆ ಅಗತ್ಯವಾಯಿತು. ಹೆಕ್ಟೇರಿಗೆ ಐದು ಬಲೆಗಳನ್ನು ಕಟ್ಟಬೇಕು. ಸತತ ಮೂರು ರಾತ್ರಿ ಬಲೆಯೊಂದಕ್ಕೆ ರಾತ್ರಿಗೆ ಎಂಟು ಪತಂಗಗಳು ಬಿದ್ದರೆ ಹತೋಟಿಯ ಕ್ರಮ ಕೈಗೊಳ್ಳಬೇಕು ಎಂಬುದು ರೂಢಿಯಲ್ಲಿರುವ ಶಿಫಾರಸು.

ಎಂಟು ಎಂಬುದು ಸಣ್ಣ ಸಂಖ್ಯೆ. ಒಂಬತ್ತು ಪತಂಗಗಳು ಸಿಕ್ಕು, ಅವುಗಳಲ್ಲಿ ಮೂರು ಧಾನ್ಯಪತಂಗಗಳಾಗಿದ್ದರೆ ನಿಜವಾದ ಸಂಖ್ಯೆ ಆರು, ಸಿಂಪಡಣೆ ಅನಗತ್ಯ. ಎಣಿಸುವವನಿಗೆ ಈ ಭೇದ ತಿಳಿಯದಿದ್ದರೆ ರೈತನ ಹಣ ಪೋಲಾಗುತ್ತದೆ, ಹೊಲದ ಉಪಕಾರಿ ಕೀಟಗಳು ಸಾಯುತ್ತವೆ. ವ್ಯತಿರಿಕ್ತವಾಗಿ, ಹುರುಪೆ ಉದುರಿದ ಕಾಯಿಕೊರಕವನ್ನು ‘ಯಾವುದೋ ನುಸಿ’ ಎಂದು ಬಿಟ್ಟರೆ ಮರಿಹುಳು ಕಾಯಿಯ ಒಳಹೊಕ್ಕ ಮೇಲೆ ಯಾವ ಔಷಧಿಯೂ ಅದನ್ನು ಸುಲಭವಾಗಿ ಮುಟ್ಟದು. ಈ ಕಾರಣದಿಂದ ಬಲೆಯ ಲೆಕ್ಕವನ್ನು ಒಂದೇ ಪ್ರಮಾಣವೆಂದು ತಿಳಿಯದೆ, ಎಸಳು ಬಿಚ್ಚದೆ ಮುದುಡಿದ ಹೂಗಳನ್ನೂ (ಮರಾಠಿಯಲ್ಲಿ ಇವಕ್ಕೆ ‘ಡೋಮಕಳಿ’ ಎಂದು ಹೆಸರು), ಹಸಿರು ಕಾಯಿಗಳನ್ನು ಸೀಳಿ ಒಳಗಿನ ಹುಳುಗಳನ್ನೂ ನೋಡಬೇಕೆಂದು ತಜ್ಞರು ಹೇಳುತ್ತಾರೆ. ಅಲ್ಲಿ ಕಾಣುವ ಗುಲಾಬಿ ಬಣ್ಣ ಬಲೆಯ ಸಾಕ್ಷ್ಯವನ್ನು ಪರಿಶೀಲಿಸಲು ಒದಗುವ ಎರಡನೆಯ ಸಾಕ್ಷಿ.

೭. ಅಂಕಿತ ಮತ್ತು ಮೋಹಕ

ಗ್ರಂಥಸಂಪಾದನೆಯಲ್ಲಿ ಕೆಲಸ ಮಾಡಿದವರಿಗೆ ಈ ಸಮಸ್ಯೆ ಅಪರಿಚಿತವಲ್ಲ. ‘ಕೂಡಲಸಂಗಮದೇವ’ ಎಂಬ ಅಂಕಿತವಿದ್ದ ಮಾತ್ರಕ್ಕೆ ಪ್ರತಿಯೊಂದು ವಚನವೂ ಬಸವಣ್ಣನವರದೆಂದು ನಾವು ಒಪ್ಪುವುದಿಲ್ಲ. ‘ಸರ್ವಜ್ಞ’ ಎಂದು ಮುಗಿಯುವ ತ್ರಿಪದಿಗಳೆಲ್ಲ ಒಬ್ಬನೇ ಕವಿಯವೆಂದು ನಂಬುವುದಿಲ್ಲ. ಪ್ರಸಿದ್ಧ ಅಂಕಿತ ತನ್ನ ಕಡೆಗೆ ಅನ್ಯರ ರಚನೆಗಳನ್ನು ಸೆಳೆಯುತ್ತದೆ. ಆದ್ದರಿಂದ ಭಾಷೆ, ಛಂದಸ್ಸು, ಪ್ರತಿಗಳ ಪರಂಪರೆ ಇವುಗಳನ್ನು ಪರಿಶೀಲಿಸಿ ಪ್ರಕ್ಷಿಪ್ತವನ್ನು ಬೇರ್ಪಡಿಸುತ್ತೇವೆ. ಅಂಕಿತ ಹುಡುಕಾಟದ ಆರಂಭ, ನಿರ್ಣಯವಲ್ಲ. ಮೋಹಕವೂ ಹಾಗೆಯೇ.

ಆದರೆ ಒಂದು ಮುಖ್ಯ ವ್ಯತ್ಯಾಸವನ್ನು ಮರೆಯಬಾರದು. ಪ್ರಕ್ಷಿಪ್ತವೆಂದು ಶಂಕಿಸಿದ ವಚನದ ಕರ್ತೃವನ್ನು ನಾವು ಕೇಳಲಾರೆವು. ಅನೇಕ ಸಂದರ್ಭಗಳಲ್ಲಿ ಸಂದೇಹ ಸಂದೇಹವಾಗಿಯೇ ಉಳಿಯುತ್ತದೆ. ಪತಂಗದ ವಿಷಯದಲ್ಲಿ ಮೂಲವಸ್ತು ನಮ್ಮ ಕೈಯಲ್ಲಿಯೇ ಇದೆ. ಅದನ್ನು ಎಣಿಸಿ ಎಸೆಯದೆ, ಕೆಲವನ್ನಾದರೂ ಒಣಗಿಸಿ ಇಲ್ಲವೆ ಮದ್ಯಸಾರದಲ್ಲಿಟ್ಟು ಕಾಪಾಡಿದರೆ, ಮುಂದೆ ಎಂದಾದರೂ ಪ್ರಶ್ನೆ ಎದ್ದಾಗ ಉತ್ತರ ದೊರೆಯುತ್ತದೆ.

ಇಂಥ ಮಾಹಿತಿಯನ್ನು ಕನ್ನಡದಲ್ಲಿ ಬರೆಯುವವರು ಮೂರು ಹಂತಗಳನ್ನು ಬೇರೆಬೇರೆಯಾಗಿ ಹೇಳುವುದು ಒಳಿತು. ‘ಗಾಸಿಪ್ಲೂರ್ ಬಲೆಗೆ ಬಂದ ಪತಂಗ’ ಎಂಬುದು ಮೊದಲನೆಯ ಹಂತ. ಇಲ್ಲಿ ಹೇಳಿಕೆ ವಾಸನೆಯನ್ನು ಕುರಿತದ್ದು. ‘ಹೊರಲಕ್ಷಣಗಳಿಂದ ಗುಲಾಬಿ ಕಾಯಿಕೊರಕವೆಂದು ತೋರುವ ಪತಂಗ’ ಎಂಬುದು ಎರಡನೆಯದು. ‘ಜನನಾಂಗ ಅಥವಾ ಡಿಎನ್ಎ ಪರೀಕ್ಷೆಯಿಂದ ನಿರ್ಣೀತವಾದ ಗುಲಾಬಿ ಕಾಯಿಕೊರಕ’ ಎಂಬುದು ಮೂರನೆಯದು. ಇದರೊಂದಿಗೆ ಸ್ಥಳ, ದಿನಾಂಕ, ಗುಳಿಗೆಯ ಹೆಸರು, ಗುಳಿಗೆ ಕಟ್ಟಿದ ದಿನ, ಸುತ್ತಲಿನ ಬೆಳೆ ಇವನ್ನೂ ನಮೂದಿಸಬೇಕು. ಮೂಲಲೇಖನ ಮೊದಲ ಹಂತದಲ್ಲಿ ನಿಂತಿದ್ದರೆ ಅನುವಾದವೂ ಅಲ್ಲಿಯೇ ನಿಲ್ಲಬೇಕು. ‘ಬಂದ ಪತಂಗಗಳು’ ಎಂಬುದನ್ನು ‘ಬಂದ ಕಾಯಿಕೊರಕಗಳು’ ಎಂದು ಅನುವಾದಿಸುವುದು ಒಂದು ಪದದ ಬದಲಾವಣೆಯಂತೆ ಕಂಡರೂ, ಮಾಡದ ಪರೀಕ್ಷೆಯನ್ನು ಮಾಡಿದಂತೆ ಹೇಳಿದ ಹಾಗಾಗುತ್ತದೆ.